ಯೆಜ್ಡಿಗೆ ಬೇರೆ ಕಾರ್ಬ್ಯುರೇಟರ್: ಎಷ್ಟು ಎಂಎಂ, ಯಾವ ಜೆಟ್?

[ಮೇಜಿನ ಮೇಲೆ ಹಳೇ ಜಿಕೋವ್, ಪಕ್ಕದಲ್ಲಿ ಮಿಕುನಿ ವಿಎಂ ಮಾದರಿಯ ಕಾರ್ಬ್ಯುರೇಟರ್]

ನಮಸ್ಕಾರ. ಯೆಜ್ಡಿ ಬೈಕ್ ಮಾಡ್ತಿದ್ದ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ. ಗಾಡಿಗಳು ಇನ್ನೂ ಓಡ್ತಾನೇ ಇವೆ, ಸವೆದು ಹೋಗಿರೋದು ಅವುಗಳ ಕಾರ್ಬ್ಯುರೇಟರ್, ಅಂದ್ರೆ ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ಗೆ ಕೊಡೋ ಭಾಗ. ಥ್ರಾಟಲ್ ತಿರುಗಿಸಿದಾಗ ಅದರೊಳಗೆ ಏರಿಳಿಯೋ ಸ್ಲೈಡ್ ಹಿಡಿದು ಅಲ್ಲಾಡಿಸಿ ನೋಡಿ. ಬಾಡಿ ಒಳಗೆ ಲೊಡಲೊಡ ಅಂದ್ರೆ ರಿಪೇರಿ ಕಿಟ್ ಹಾಕಿ ಪ್ರಯೋಜನ ಇಲ್ಲ, ಸಂದಿಯಿಂದ ಗಾಳಿ ನುಗ್ತಾನೇ ಇರುತ್ತೆ.

ಆದ್ರೆ ದುಡ್ಡು ಬಿಚ್ಚೋ ಮುಂಚೆ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟಿನ ಎರಡೂ ಕಡೆ ಸೋರದಂತೆ ತಡೆಯೋ ರಬ್ಬರ್ ಬಳೆ) ನೋಡಿ. ಕ್ಲಚ್ ಕಡೆ ಸೀಲ್ ಹೋಗಿದ್ರೆ ಇಂಜಿನ್ ಅಲ್ಲಿನ ಆಯಿಲ್ ಎಳೆದುಕೊಂಡು ಹೊಗೆ ಕಾರುತ್ತೆ. ಮ್ಯಾಗ್ನೆಟ್ ಕಡೆ ಹೋಗಿದ್ರೆ ಗಾಳಿ ಎಳೆದುಕೊಂಡು ರೇಸ್ ಕೆಳಗೆ ಇಳಿಯೋದೇ ಇಲ್ಲ. ಇವೆರಡಕ್ಕೂ ಪಾಪ ಕಾರ್ಬ್ಯುರೇಟರೇ ಬೈಸಿಕೊಳ್ಳುತ್ತೆ.

ಈಗ ಅಳತೆ, ಅಂದ್ರೆ ಕಾರ್ಬ್ಯುರೇಟರಿನ ಗಂಟಲು ಎಷ್ಟು ಅಗಲ ಇರಬೇಕು ಅನ್ನೋದು. "30 ಎಂಎಂ ಹಾಕ್ಸಿ ಸಾರ್, ಗಾಡಿ ಹಾರುತ್ತೆ" ಅನ್ನೋರು ಎಲ್ಲಾ ಕಡೆ ಇದ್ದಾರೆ. ಹಾರಲ್ಲ. ಒಂದು ಲೆಕ್ಕ ಇದೆ: ಇಂಜಿನ್ ಲೀಟರಲ್ಲಿ ಎಷ್ಟು, ಪೂರ್ತಿ ಪವರ್ ಬರೋ ಆರ್‌ಪಿಎಂ ಎಷ್ಟು, ಎರಡನ್ನೂ ಗುಣಿಸಿ ವರ್ಗಮೂಲ ತೆಗೆದು, ಅದನ್ನ 0.65ರಿಂದ 0.9ರ ನಡುವಿನ ಒಂದು ಸಂಖ್ಯೆಯಿಂದ ಗುಣಿಸಬೇಕು. ಯೆಜ್ಡಿ 0.25 ಲೀಟರ್, 5,000 ಆರ್‌ಪಿಎಂ ಅಂತ ಇಟ್ಟುಕೊಳ್ಳಿ. ವರ್ಗಮೂಲ 35 ಚಿಲ್ಲರೆ. ದಿನಾ ಓಡಿಸೋ ಗಾಡಿಗೆ 0.7ರಿಂದ 0.75 ಸಾಕು. ಅಲ್ಲಿಗೆ 25ರಿಂದ 26 ಎಂಎಂ.

24ಕ್ಕೂ 28ಕ್ಕೂ ನಾಲ್ಕೇ ಎಂಎಂ ವ್ಯತ್ಯಾಸ ಅನ್ನಿಸುತ್ತೆ. ತೂತಿನ ವಿಸ್ತೀರ್ಣ ಮಾತ್ರ ಶೇ. 36ರಷ್ಟು ಹೆಚ್ಚುತ್ತೆ. ತೂತು ದೊಡ್ಡದಾದಷ್ಟೂ ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗ ಬೀಳುತ್ತೆ, ಜೆಟ್ಟಿಂದ (ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ತುಂಡು) ಪೆಟ್ರೋಲ್ ಸರಿಯಾಗಿ ಮೇಲೇಳಲ್ಲ. ಯೆಜ್ಡಿಯಲ್ಲಿ ಮಿಶ್ರಣ ವಾಪಸ್ ಹೋಗದಂತೆ ತಡೆಯೋ ರೀಡ್ ವಾಲ್ವ್ ಬೇರೆ ಇಲ್ಲ, ಪಿಸ್ಟನ್ನೇ ಬಾಗಿಲು. ನಿಧಾನಕ್ಕೆ ಹೋಗುವಾಗ ಒಳಗೆ ಬಂದ ಮಿಶ್ರಣ ಸ್ವಲ್ಪ ವಾಪಸ್ ಉಗಿಯುತ್ತೆ. ದೇವರಾಜ ಅರಸು ರಸ್ತೆ ಟ್ರಾಫಿಕ್‌ನಲ್ಲಿ 30 ಎಂಎಂ ಗಾಡಿ ಕೆಮ್ಮೋದು ಇದಕ್ಕೇ. ಹಳೇ ಕಾರ್ಬ್ಯುರೇಟರಿನ ಗಂಟಲನ್ನ ವರ್ನಿಯರ್‌ನಲ್ಲಿ ಅಳೆದು ಅಷ್ಟೇ ಎಂಎಂದು ತಗೊಳ್ಳಿ, ಹೆಚ್ಚಂದ್ರೆ 2 ಎಂಎಂ ಜಾಸ್ತಿ.

[ಕ್ಲೋಸಪ್: ಗಾಜಿನ ಮೇಲೆ ಎಮರಿ ಪೇಪರ್, ಅದರ ಮೇಲೆ ಮ್ಯಾನಿಫೋಲ್ಡ್]

ಕೂರಿಸೋ ಜಾಗ ನೋಡಿ. ವರ್ಷಗಟ್ಟಲೆ ನಟ್ ಬಿಗಿದು ಬಿಗಿದು, ಕಾರ್ಬ್ಯುರೇಟರನ್ನ ಇಂಜಿನ್ಗೆ ಜೋಡಿಸೋ ಮ್ಯಾನಿಫೋಲ್ಡ್ ಮುಖ ಬಾಗಿರುತ್ತೆ. ಗಾಜಿನ ಮೇಲೆ 400ರ ಎಮರಿ ಹಾಸಿ, ಎಂಟರ ಆಕಾರದಲ್ಲಿ ತಿಕ್ಕಿ. ನೋಡಿ, ಎರಡೂ ಕಿವಿ ಹೊಳೀತಿವೆ, ನಡುವೆ ಕಪ್ಪು ಹಾಗೇ ಉಳಿದಿದೆ. ಆ ಕಪ್ಪಿನ ಜಾಗದಿಂದಲೇ ಗಾಳಿ ಒಳಗೆ ಹೋಗ್ತಿದ್ದಿದ್ದು. ಮುಖ ಪೂರ್ತಿ ಒಂದೇ ಬಣ್ಣ ಬರೋವರೆಗೂ ತಿಕ್ಕಿ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್‌ಗೆ ಆಯಿಲ್ ಹೋಗೋದು ಪೆಟ್ರೋಲ್ ಜೊತೆಗೇ. ಗಾಳಿ ಸೋರಿ ಪೆಟ್ರೋಲ್ ಕಮ್ಮಿ ಆಯ್ತು ಅಂದ್ರೆ ಬಿಸಿಯೂ ಏರುತ್ತೆ, ಆಯಿಲೂ ಕಮ್ಮಿ. ಅಲ್ಲಿಗೆ ಸೀಜ್, ಪಿಸ್ಟನ್ ಸಿಲಿಂಡರಿಗೇ ಕಚ್ಚಿಕೊಳ್ಳುತ್ತೆ.

ಸ್ಲೈಡ್ ಹಾಕುವಾಗ ಕೆಳಗೆ ಓರೆಯಾಗಿ ಕತ್ತರಿಸಿರೋ ಭಾಗ ಏರ್ ಫಿಲ್ಟರ್ ಕಡೆ ಇರಬೇಕು. ತಿರುಗಿಸಿ ತುರುಕಿದ್ರೆ ಕಿಕ್ ಹೊಡೆದ ತಕ್ಷಣ ಫುಲ್ ರೇಸ್. ಏರ್ ಹೋಸ್ ಬಾಯಿ ಹೊಂದಲಿಲ್ಲ ಅಂತ ಫಿಲ್ಟರ್ ಬಿಟ್ಟು ಓಡಿಸಬೇಡಿ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಒಂದು ಸೀಸನ್ ಓಡಿಸಿದ್ರೆ ಧೂಳು ಒಳಗೆ ಹೋಗಿ ಸಿಲಿಂಡರ್ ಬೋರ್ ಮಾಡಿಸಬೇಕಾಗುತ್ತೆ.

ಜೆಟ್ ವಿಚಾರ. ಫುಲ್ ಥ್ರಾಟಲಲ್ಲಿ ಪೆಟ್ರೋಲ್ ಕೊಡೋದು ಮೇನ್ ಜೆಟ್. ಮಿಕುನಿಯ ದೊಡ್ಡ ಹೆಕ್ಸ್ (ಆರು ಮೂಲೆ ತಲೆಯ) ಮೇನ್ ಜೆಟ್ ನಂಬರು ಎಷ್ಟು ಪೆಟ್ರೋಲ್ ಹರಿಯುತ್ತೆ ಅನ್ನೋದರ ಮೇಲೆ, ಕೈಹಿನ್‌ದು ತೂತಿನ ಅಳತೆ ಮೇಲೆ. ಇದರ 120, ಅದರ 120 ಒಂದೇ ಅಲ್ಲ. ಅಸಲಿ ಮಿಕುನಿ ಜೆಟ್ ಮೇಲೆ ಚೌಕದೊಳಗೆ ಚೌಕದ ಗುರುತಿರುತ್ತೆ. ನಕಲಿಯಲ್ಲಿ ನಂಬರ್ ಒಂದು, ತೂತು ಇನ್ನೊಂದು.

ಐಡ್ಲಿಂಗಿನ ಗಾಳಿ ಹೊಂದಿಸೋ ಏರ್ ಸ್ಕ್ರೂ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿ ಶುರು ಮಾಡಿ. ಇಂಜಿನ್ ಬಿಸಿ ಆದ ಮೇಲೆ ಐಡ್ಲಿಂಗ್ ಎಲ್ಲಿ ಅತಿ ಹೆಚ್ಚು ಬರುತ್ತೋ ಅಲ್ಲಿ ನಿಲ್ಲಿಸಿ. ಒಂದು ಸುತ್ತಿಗಿಂತ ಒಳಗೇ ಬಂದ್ರೆ ಪೈಲಟ್ ಜೆಟ್ (ಐಡ್ಲಿಂಗಿಗೆ ಪೆಟ್ರೋಲ್ ಕೊಡೋ ಜೆಟ್) ಚಿಕ್ಕದಾಯ್ತು, ಎರಡೂವರೆ ದಾಟಿದ್ರೆ ದೊಡ್ಡದಾಯ್ತು. ಸ್ಲೈಡಿಗೆ ಸಿಕ್ಕಿಸಿರೋ ಸೂಜಿಯ ಕ್ಲಿಪ್ ನಡು ಕಚ್ಚಿನಲ್ಲಿ ಇರಲಿ. ಕಾಲುಭಾಗದಿಂದ ಮುಕ್ಕಾಲು ಥ್ರಾಟಲ್‌ವರೆಗೆ ಅದರದ್ದೇ ದರ್ಬಾರು. ಗಾಡಿ ಬೊಬ್ಬೊಬ್ಬೊ ಅಂತ ಮಿಸ್ ಹೊಡೆದ್ರೆ ಕ್ಲಿಪ್ ಒಂದು ಕಚ್ಚು ಮೇಲೆ ಹಾಕಿ, ಸೂಜಿ ಕೆಳಗೆ ಇಳಿದು ಪೆಟ್ರೋಲ್ ಕಮ್ಮಿ ಆಗುತ್ತೆ.

ಇಗ್ನಿಷನ್ ಸರಿ ಇದ್ರೂ ಹಳೇ ಪುಸ್ತಕದ ಜೆಟ್ ನಂಬರ್ ಈಗ ಯಾಕೆ ಸಾಲಲ್ಲ? ಇ20, ಅಂದ್ರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಬರೀ ಪೆಟ್ರೋಲಿಗೆ ಒಂದು ಭಾಗಕ್ಕೆ ಗಾಳಿ ಸುಮಾರು 14.7 ಭಾಗ ಬೇಕು, ಇ20ಗೆ ಸುಮಾರು 13.5 ಸಾಕು. ಅಂದ್ರೆ ಅದೇ ಗಾಳಿಗೆ ಹೆಚ್ಚು ಇಂಧನ ಕೊಡಬೇಕು. ಅದಕ್ಕೇ ಮೇನ್ ಜೆಟ್ ಯಾವಾಗಲೂ ದೊಡ್ಡದರಿಂದ ಶುರು ಮಾಡಿ ಐದೈದು ನಂಬರ್ ಇಳಿಸ್ತಾ ಬನ್ನಿ. ಕೆಳಗಿಂದ ಏರಿಸೋಕೆ ಹೋದ್ರೆ ಮೊದಲ ರೌಂಡಲ್ಲೇ ಪಿಸ್ಟನ್ ಹೋಗಬಹುದು.

ಪರೀಕ್ಷೆಗೆ ಹೊಸ ಪ್ಲಗ್ ಹಾಕಿ. ಇಂಜಿನ್ ಬಿಸಿ ಆದ ಮೇಲೆ ಖಾಲಿ ರಸ್ತೆಯಲ್ಲಿ ಮೂರನೇ ಗೇರಲ್ಲಿ ಸ್ವಲ್ಪ ದೂರ ಫುಲ್ ಥ್ರಾಟಲ್. ತಕ್ಷಣ ಕ್ಲಚ್ ಹಿಡಿದು, ಕೀ ಆಫ್ ಮಾಡಿ ನಿಲ್ಲಿಸಿ. ಐಡ್ಲಿಂಗಲ್ಲಿ ಮನೆವರೆಗೂ ಬಂದು ಪ್ಲಗ್ ಬಿಚ್ಚಿದ್ರೆ ಅದು ಹೇಳೋದು ಐಡ್ಲಿಂಗಿನ ಕಥೆ. ಪಿಂಗಾಣಿ ಕಂದು ಬಣ್ಣಕ್ಕಿದ್ರೆ ಸರಿ, ಬೆಳ್ಳಗಿದ್ರೆ ಅವತ್ತು ಅಲ್ಲಿಗೇ ನಿಲ್ಲಿಸಿ, ಜೆಟ್ ಏರಿಸಿ.

ಮೈಸೂರಿಂದ ಚಾಮುಂಡಿ ಬೆಟ್ಟಕ್ಕೆ ಏರೋದು 300 ಮೀಟರ್ ಆಸುಪಾಸು, ಜೆಟ್ ಮುಟ್ಟೋದೇ ಬೇಡ. ಊಟಿ 2,240 ಮೀಟರ್, ಅಲ್ಲಿ ಗಾಳಿ ತೆಳು, ಗಾಡಿ ಮಂಕಾಗುತ್ತೆ. ಅಲ್ಲಿ ಚಿಕ್ಕ ಜೆಟ್ ಹಾಕಿಕೊಂಡ್ರೆ ಘಾಟ್ ಇಳಿಯೋ ಮುಂಚೆ ಹಳೇದನ್ನ ವಾಪಸ್ ಹಾಕಿ. ತೆಗೆದ ಜೆಟ್ಟನ್ನ ಟೂಲ್ ಬಾಕ್ಸಲ್ಲಿ ನಂಬರ್ ಬರೆದ ಪೊಟ್ಟಣದಲ್ಲಿ ಇಟ್ಟಿರಿ, ಜೇಬಲ್ಲಿ ಇಟ್ರೆ ಟೀ ಅಂಗಡಿಯಲ್ಲಿ ಚಿಲ್ಲರೆ ಜೊತೆ ಹೋಗಿಬಿಡುತ್ತೆ.