ಅಂಗಡಿಯ ಬ್ರಿಜೆಟ್

ಕೇಳುಗರಿಗೆ ನಮಸ್ಕಾರ. ಕೆನೆಡಿ ಅಂದ ಕೂಡಲೇ ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿ ನೆನಪಾಗುತ್ತಾರೆ, ಅಲ್ವಾ? ನಾನಿವತ್ತು ಅವರ ಮುತ್ತಜ್ಜಿಯ ವಿಷಯ ಹೇಳಬೇಕು. ಹೆಸರು ಬ್ರಿಜೆಟ್ ಮರ್ಫಿ. ಬಾಸ್ಟನ್ ಬಂದರಿನಲ್ಲಿ ಆ ಮನೆತನಕ್ಕೆ ಪಾಯ ಹಾಕಿದವಳು ಇವಳೇ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರಿಗೆ ಅದೇ ಊಟ. ಸುಮಾರು ಹತ್ತು ಲಕ್ಷ ಜನ ಸತ್ತರು, ಲಕ್ಷಾಂತರ ಜನ ಹಡಗು ಹತ್ತಿದರು. ವೆಕ್ಸ್‌ಫರ್ಡ್ ಕಡೆಯ ಬ್ರಿಜೆಟ್, ಅದೇ ಕಡೆಯ ಪ್ಯಾಟ್ರಿಕ್ ಕೆನೆಡಿಯನ್ನು 1849ರಲ್ಲಿ ಬಾಸ್ಟನ್‌ನಲ್ಲಿ ಮದುವೆಯಾದಳು. ಈಸ್ಟ್ ಬಾಸ್ಟನ್‌ನಲ್ಲಿ ಸಂಸಾರ. ಅವನದು ಪೀಪಾಯಿ ಮಾಡುವ ಕೆಲಸ. ಮರದ ಪಟ್ಟಿಗಳನ್ನು ಬಗ್ಗಿಸಿ, ಒತ್ತಾಗಿ ಜೋಡಿಸಿ, ಸುತ್ತ ಬಳೆ ಬಿಗಿಯಬೇಕು. ಒಂದು ಹನಿ ಸೋರಬಾರದು. ಹಡಗಿನ ನೀರು, ಹಿಟ್ಟು, ಉಪ್ಪು ಹಾಕಿದ ಮಾಂಸ, ಎಲ್ಲವೂ ಪೀಪಾಯಿಯಲ್ಲೇ ಹೋಗುತ್ತಿದ್ದ ಕಾಲ.

1858ರ ನವೆಂಬರ್ 22ರಂದು ಪ್ಯಾಟ್ರಿಕ್ ತೀರಿಕೊಂಡ. ಒಂದು ಗಂಡುಕೂಸನ್ನು ಮೊದಲೇ ಮಣ್ಣು ಮಾಡಿದ್ದರು. ಈಗ ಬ್ರಿಜೆಟ್ ಕೈಯಲ್ಲಿ ಮೂವರು ಹೆಣ್ಣುಮಕ್ಕಳು, ಹತ್ತು ತಿಂಗಳ ಮಗ. ಅಳುತ್ತಾ ಕೂತರೆ ಒಲೆ ಉರಿಯುತ್ತದೆಯೇ? ಕಂಡವರ ಮನೆಯಲ್ಲಿ ಕೆಲಸಕ್ಕೆ ಹೋದಳು. ಆಮೇಲೆ ಒಂದು ಪುಟ್ಟ ಅಂಗಡಿಯಲ್ಲಿ ನಿಂತಳು. ಸೂಜಿ, ದಾರ, ಗುಂಡಿ, ಕಾಗದದಂಥ ಚಿಲ್ಲರೆ ಸಾಮಾನು. ಕಾಸಿಗೆ ಕಾಸು ಕೂಡಿಟ್ಟು ಕೊನೆಗೆ ಅದೇ ಅಂಗಡಿಯನ್ನು ಕೊಂಡುಕೊಂಡಳು. ಸಂಬಳಕ್ಕೆ ನಿಂತಿದ್ದ ಅಂಗಡಿಗೆ ತಾನೇ ಒಡತಿ! ಮುಂದೆ ದಿನಸಿಯನ್ನೂ ಇಟ್ಟಳು.

ಈ ಮನೆತನದ ಕತೆ ಹೇಳುವವರು ಪೀಪಾಯಿಯ ಪ್ಯಾಟ್ರಿಕ್‌ನಿಂದ ಶುರು ಮಾಡಿ ಸೀದಾ ಅಧ್ಯಕ್ಷರಿಗೆ ಹಾರುತ್ತಾರೆ. ನನಗದು ಸರಿ ಕಾಣುವುದಿಲ್ಲ. ನಡುವಿನ ಮೂವತ್ತು ವರ್ಷ ಆ ಮನೆಯನ್ನು ಎತ್ತಿ ಹಿಡಿದದ್ದು ಯಾರು? ಬ್ರಿಜೆಟ್. ದಯವಿಟ್ಟು ಈ ಹೆಸರು ನೆನಪಿಡಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಆ ಹತ್ತು ತಿಂಗಳ ಕೂಸು ಬೆಳೆದು ಬಂದರಿನಲ್ಲಿ ದುಡಿಯಿತು. ಉಳಿಸಿದ ದುಡ್ಡಲ್ಲಿ ಶರಾಬಿನ ಅಂಗಡಿ ತೆರೆದ, ಶಾಸಕನಾದ, ಬ್ಯಾಂಕ್ ಕಟ್ಟಿದವರಲ್ಲಿ ಒಬ್ಬನಾದ. ಅವನ ಮಗ ಜೋಸೆಫ್ 1914ರಲ್ಲಿ, ಬರೀ 25ನೇ ವಯಸ್ಸಿಗೆ, ಅದೇ ಬ್ಯಾಂಕಿನ ಅಧ್ಯಕ್ಷ. ಜೋಸೆಫನ ಮಗನೇ ಜಾನ್.

ಬ್ರಿಜೆಟ್ ಕಣ್ಣು ಮುಚ್ಚಿದ್ದು 1888ರ ಡಿಸೆಂಬರ್‌ನಲ್ಲಿ. ಆಗ ಮೊಮ್ಮಗ ಜೋಸೆಫನಿಗೆ ಮೂರು ತಿಂಗಳು. ನಮಸ್ಕಾರ.