ವಾರ್ಡಿನಲ್ಲಿ ಎಂಟು ಗಂಟೆ

ಕೇಳುಗರೇ, ನಮಸ್ಕಾರ.

ಮಾನಸಿಕ ಆರೋಗ್ಯದ ಬಗ್ಗೆ ಬಾನುಲಿಯಲ್ಲಿ ಮಾತಾಡುವವರು ಸಾಮಾನ್ಯವಾಗಿ ಡಾಕ್ಟರುಗಳು. ನಾನು ಡಾಕ್ಟರ್ ಅಲ್ಲ, ಮನೋರೋಗ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳು. ಇವತ್ತು ಹೇಳಬೇಕು ಅಂದುಕೊಂಡಿರುವುದು ನಮ್ಮ ಮಾತೂ ಅಲ್ಲ. ಆ ವಾರ್ಡಿನಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳ ತೆಗೆದುಕೊಳ್ಳುವವರ ಮಾತು. ವಾರ್ಡ್ ಬಾಯ್, ಆಯಾ, ಅಟೆಂಡರ್, ಒಂದೊಂದು ಕಡೆ ಒಂದೊಂದು ಹೆಸರು. ಖಾಸಗಿ ಆಸ್ಪತ್ರೆಗಳಲ್ಲಿ ಹೆಲ್ತ್‌ಕೇರ್ ಅಸಿಸ್ಟೆಂಟ್ ಅಂತಲೂ ಕರೆಯುತ್ತಾರೆ. ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು, ಕೆಲವು ಕಡೆ ಅದನ್ನೂ ಕೇಳುವುದಿಲ್ಲ. ಸೇರಿದ ದಿನವೇ ಯೂನಿಫಾರ್ಮ್ ಕೊಟ್ಟು ಡ್ಯೂಟಿಗೆ ಹಾಕುತ್ತಾರೆ. "ಏನು ಮಾಡಬೇಕು ಸಿಸ್ಟರ್?" ಅಂತ ಕೇಳಿದರೆ, "ನೋಡ್ಕೋತಾ ಇರು, ಯಾರೂ ಓಡಿಹೋಗಬಾರದು" ಅನ್ನುತ್ತಾರೆ.

ಈ ಉತ್ತರವೇ ತಪ್ಪು ಅಂತ ನನ್ನ ವಾದ. ಆ ಹುಡುಗನನ್ನೋ ಹುಡುಗಿಯನ್ನೋ ಕಾವಲಿಗೆ ನಿಲ್ಲಿಸಿದ್ದಲ್ಲ. ಅವರು ಮಾಡುವುದು ಚಿಕಿತ್ಸೆಯ ಕೆಲಸ. ಅದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಲೆಕ್ಕ ಹಾಕಿ ನೋಡಿ. ಡಾಕ್ಟರು ರೌಂಡ್ಸಿಗೆ ಬಂದಾಗ ಒಬ್ಬ ರೋಗಿಯ ಹತ್ತಿರ ನಿಲ್ಲುವುದು ಕೆಲವೇ ನಿಮಿಷ. ಸಿಸ್ಟರ್‌ಗೆ ಮಾತ್ರೆ, ಇಂಜೆಕ್ಷನ್, ಕೇಸ್ ಶೀಟು, ಫೋನು. ಅಟೆಂಡರ್ ಒಬ್ಬರೇ ಪಾಳಿಯ ಎಂಟು ಗಂಟೆಯೂ ರೋಗಿಗಳ ನಡುವೆ ಇರುವವರು. "ರಾತ್ರಿ ನಿದ್ದೆ ಬಂತಾ?" ಅಂತ ಡಾಕ್ಟರು ಕೇಳುತ್ತಾರೆ. ಮನೆಗೆ ಹೋಗುವ ಆಸೆ ಇರುವ ರೋಗಿ "ಚೆನ್ನಾಗಿ ಬಂತು ಸಾರ್" ಅನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಅದೇ ರೋಗಿ ಎದ್ದು ಬಟ್ಟೆ ಒಗೆದು, ಪಕ್ಕದವರನ್ನು ಎಬ್ಬಿಸಿ, ತಾನು ತೆರೆಯಲಿರುವ ಹೋಟೆಲಿನ ಲೆಕ್ಕ ಹೇಳಿದ್ದು ಯಾರಿಗೆ ಗೊತ್ತು? ರಾತ್ರಿ ಪಾಳಿಯವನಿಗೆ. ಮೇನಿಯಾ, ಅಂದರೆ ಉತ್ಸಾಹ ಮಿತಿಮೀರಿ ಏರುವ ಕಾಯಿಲೆ, ಇರುವವರಲ್ಲಿ ನಿದ್ದೆ ಎಷ್ಟು ಗಂಟೆ ಅನ್ನುವುದರ ಮೇಲೆ ಮಾತ್ರೆಯ ಪ್ರಮಾಣ ಏರುತ್ತದೆ, ಇಳಿಯುತ್ತದೆ. ಅವನು ಬೆಳಿಗ್ಗೆ ಪಾಳಿ ಬದಲಾಗುವಾಗ ಆ ಒಂದು ಮಾತು ಹೇಳದೆ ಹೋದರೆ, ಡಾಕ್ಟರು ಸುಳ್ಳು ಮಾಹಿತಿ ಮೇಲೆ ಔಷಧಿ ಬರೆದ ಹಾಗಾಯಿತು.

ಔಷಧಿಯ ಅಡ್ಡ ಪರಿಣಾಮಗಳಂತೂ ಮೊದಲು ಕಾಣುವುದೇ ಇವರ ಕಣ್ಣಿಗೆ. ಹ್ಯಾಲೊಪೆರಿಡಾಲ್ ಅಂತ ಮನೋರೋಗಕ್ಕೆ ಕೊಡುವ ಒಂದು ಹಳೆಯ ಔಷಧಿ ಇದೆ. ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕೆಲವರಿಗೆ, ಅದರಲ್ಲೂ ವಯಸ್ಸಿನ ಹುಡುಗರಿಗೆ, ಶುರುಮಾಡಿದ ಕೆಲವೇ ದಿನಗಳಲ್ಲಿ ಕುತ್ತಿಗೆ ಒಂದು ಕಡೆ ತಿರುಚಿಕೊಳ್ಳುತ್ತದೆ. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ನಾಲಿಗೆ ಹೊರಳುವುದಿಲ್ಲ. ನೋಡಿದ ಮನೆಯವರು ಮೈಮೇಲೆ ಏನೋ ಬಂತು ಅಂತ ಕೈಮುಗಿದದ್ದನ್ನು ನೋಡಿದ್ದೇನೆ. ಹೊಸ ಅಟೆಂಡರ್ "ನಾಟಕ ಮಾಡ್ತಿದ್ದಾನೆ ಸಿಸ್ಟರ್" ಅಂದದ್ದನ್ನೂ ಕೇಳಿದ್ದೇನೆ. ಎರಡೂ ಅಲ್ಲ. ಬೇಗ ತಿಳಿಸಿದರೆ ಒಂದು ಇಂಜೆಕ್ಷನ್‌ಗೆ ಹೋಗುವ ತೊಂದರೆ ಅದು.

ಇನ್ನೊಂದು ಇದಕ್ಕಿಂತ ಮೋಸದ್ದು. ರೋಗಿಗೆ ಒಂದು ಕಡೆ ಕೂರಲು ಆಗುವುದಿಲ್ಲ. ಕೂತರೆ ಕಾಲು ಆಡಿಸುತ್ತಾರೆ, ಎದ್ದು ಓಡಾಡುತ್ತಾರೆ, ಬಾಗಿಲ ಹತ್ತಿರ ಬರುತ್ತಾರೆ, ಸಿಡುಕುತ್ತಾರೆ. ಅದೂ ಔಷಧಿಯಿಂದ ಬಂದ ಚಡಪಡಿಕೆಯೇ ಇರಬಹುದು. ಗೊತ್ತಿಲ್ಲದವರು "ಗಲಾಟೆ ಜಾಸ್ತಿ ಆಗಿದೆ" ಅಂತ ವರದಿ ಕೊಟ್ಟರೆ ಏನಾಗುತ್ತದೆ? ಅದೇ ಔಷಧಿಯನ್ನು ಇನ್ನಷ್ಟು ಕೊಡುತ್ತಾರೆ. ಚಡಪಡಿಕೆ ಇನ್ನೂ ಏರುತ್ತದೆ. "ಗಲಾಟೆ" ಅನ್ನುವ ಬದಲು "ಬೆಳಿಗ್ಗೆಯಿಂದ ಕೂರಕ್ಕೇ ಆಗ್ತಿಲ್ಲ, ಕಾಲು ಒಳಗಡೆ ಏನೋ ಆಗ್ತಿದೆ ಅಂತಾರೆ" ಅಂದರೆ ಕಥೆಯೇ ಬೇರೆ. ಕಂಡದ್ದನ್ನು ಕಂಡ ಹಾಗೆ ಹೇಳುವುದು, ಅದಕ್ಕೆ ನಾವೇ ಒಂದು ಹೆಸರು ಅಂಟಿಸದಿರುವುದು. ಹೊಸಬರಿಗೆ ಮೊದಲು ಕಲಿಸಬೇಕಾದ್ದು ಇದು.

ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಿಗೆ ವಾಂತಿ ಭೇದಿ ಶುರುವಾಗಿ, ಕೈ ಜೋರಾಗಿ ನಡುಗಿ, ನಡೆಯುವಾಗ ತೂರಾಡಿದರೆ ಸಂಜೆಯವರೆಗೆ ಕಾಯುವ ಹಾಗಿಲ್ಲ. ಕ್ಲೋಜಪಿನ್ ಅನ್ನುವ ಇನ್ನೊಂದು ಔಷಧಿ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲು ನೋವು ಬಂದರೆ ರಕ್ತ ಪರೀಕ್ಷೆ ಆಗಬೇಕು. ಅವರಿಗೆ ಮಲಬದ್ಧತೆ ಬಂದರೂ ಅದು ಸಣ್ಣ ವಿಷಯ ಅಲ್ಲ, ಕರುಳಿನ ಚಲನೆಯೇ ನಿಂತುಹೋಗುವ ಅಪಾಯ ಇದೆ. ಯಾರು ಎಷ್ಟು ದಿನದಿಂದ ಕಕ್ಕಸಿಗೆ ಹೋಗಿಲ್ಲ ಅನ್ನುವುದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಇನ್ನು ಕುಡಿತ ಬಿಡಿಸುವ ವಾರ್ಡು. ಕುಡಿತ ನಿಂತ ಎರಡನೇ, ಮೂರನೇ ದಿನ ಮೈ ಬೆವರಿ, ಕೈ ನಡುಗಿ, ಹಾಸಿಗೆ ಮೇಲೆ ಇಲ್ಲದ ಇರುವೆಯನ್ನು ಹೆಕ್ಕಲು ಶುರುಮಾಡಿದರೆ ಅದು ಜೀವಕ್ಕೇ ಬರುವ ಸ್ಥಿತಿ. "ಎಣ್ಣೆ ಬೇಕು ಅಂತ ಹಟ" ಅಂದು ತಳ್ಳಿಹಾಕಿದರೆ ಮುಗಿಯಿತು.

ಜೀವಕ್ಕೆ ಅಪಾಯದ ಮಾತು ಬಂತು, ಆತ್ಮಹತ್ಯೆಯ ವಿಷಯವನ್ನೂ ಹೇಳಬೇಕು. ಖಿನ್ನತೆಯಿಂದ ಬಂದ ರೋಗಿ ಹಾಸಿಗೆ ಬಿಟ್ಟು ಏಳದೆ ಇದ್ದಾಗ ಎಲ್ಲರೂ ಕಣ್ಣಿಟ್ಟಿರುತ್ತಾರೆ. ನಾಲ್ಕು ದಿನಕ್ಕೆ ಸ್ವಲ್ಪ ಚುರುಕಾದರೆ, ಸ್ನಾನ ಮಾಡಿ ತಲೆ ಬಾಚಿಕೊಂಡರೆ, ಎಲ್ಲರಿಗೂ ಸಮಾಧಾನ. ಆಗ ಇನ್ನೂ ಜಾಸ್ತಿ ಹುಷಾರಾಗಿರಬೇಕು. ಮನಸ್ಸಿನ ನೋವು ಹೋಗುವ ಮೊದಲೇ ಮೈಗೆ ಶಕ್ತಿ ಬಂದಿರುತ್ತದೆ. ಅದಕ್ಕೇ ಹದಿನೈದು ನಿಮಿಷಕ್ಕೊಮ್ಮೆ ಹೋಗಿ ನೋಡಿ ಅಂತ ಬರೆದಿರುತ್ತಾರೆ. ಹೋಗಿ ನೋಡುವುದು ಅಂದರೆ ಬಾಗಿಲಿಂದ ಇಣುಕಿ ಶೀಟಿನಲ್ಲಿ ಟಿಕ್ ಹಾಕುವುದಲ್ಲ. ಪಾಳಿ ಕೊನೆಗೆ ಕೂತು ಎಲ್ಲ ಟಿಕ್ಕುಗಳನ್ನೂ ಒಟ್ಟಿಗೆ ಹಾಕುವುದಂತೂ ಅಲ್ಲವೇ ಅಲ್ಲ. "ಊಟ ಆಯ್ತಾ ಅಕ್ಕ?" ಅಂತ ಕೇಳಿ, ಉತ್ತರ ಬರುವವರೆಗೆ ನಿಲ್ಲುವುದು.

ಮಾತಿನ ವಿಷಯಕ್ಕೆ ಬರುತ್ತೇನೆ. ವಾರ್ಡಿಗೆ ಬಂದ ಕೂಡಲೇ ಅರವತ್ತು ವರ್ಷದ ಮೇಷ್ಟ್ರೂ "ಏ, ನೀನು" ಆಗಿಬಿಡುತ್ತಾರೆ. ಇಪ್ಪತ್ತರ ಹುಡುಗ ಅವರಿಗೆ "ಬಾಯಿ ತೆಗಿ, ನಾಲಿಗೆ ಎತ್ತು" ಅನ್ನುತ್ತಾನೆ. ಮಾತ್ರೆ ನುಂಗಿದ್ದಾರಾ ಅಂತ ನೋಡುವುದು ಬೇಕು, ನಿಜ. "ಯಜಮಾನ್ರೇ, ಸ್ವಲ್ಪ ಬಾಯಿ ತೆಗೀರಿ" ಅಂದರೂ ನಾಲಿಗೆಯ ಕೆಳಗೆ ಅಷ್ಟೇ ಕಾಣುತ್ತದೆ ಅಲ್ವಾ? ಧಾರವಾಡದ ಕಡೆ "ಯಪ್ಪಾ, ಗುಳಿಗಿ ತಗೋರಿ" ಅಂತ ಹೆಗಲ ಮೇಲೆ ಕೈಯಿಟ್ಟು ಕೇಳಿದರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ. ಆದರೆ ಹೆಗಲ ಮೇಲೆ ಕೈ ಎಲ್ಲರಿಗೂ ಆಗುವುದಿಲ್ಲ. ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆ ಅಂತ ನಂಬಿರುವವರನ್ನು ಹಿಂದಿನಿಂದ ಮುಟ್ಟಿ ನೋಡಿ, ಗೊತ್ತಾಗುತ್ತದೆ.

ಸಿಟ್ಟಿನಲ್ಲಿರುವ ರೋಗಿಯ ಮುಂದೆ ಎದೆಯುಬ್ಬಿಸಿ ನೇರ ನಿಲ್ಲಬಾರದು. ಸ್ವಲ್ಪ ಓರೆಯಾಗಿ, ಒಂದು ತೋಳಿಗಿಂತ ಹೆಚ್ಚು ದೂರದಲ್ಲಿ, ಕೈಗಳು ಕಾಣುವ ಹಾಗೆ ನಿಲ್ಲಬೇಕು. ಬಾಗಿಲಿಗೆ ಅಡ್ಡ ನಿಲ್ಲಬಾರದು. ಒಬ್ಬರೇ ಮಾತಾಡಬೇಕು, ನಾಲ್ಕು ಜನ ನಾಲ್ಕು ದಿಕ್ಕಿನಿಂದ ಕೂಗಬಾರದು. "ಟೀವಿಯಲ್ಲಿ ನನ್ನ ಬಗ್ಗೆನೇ ಹೇಳ್ತಿದ್ದಾರೆ" ಅಂದರೆ, "ಹೌದು ಹೌದು" ಅನ್ನುವುದೂ ತಪ್ಪು, "ನಿಂಗೆ ತಲೆ ಕೆಟ್ಟಿದೆ" ಅನ್ನುವುದೂ ತಪ್ಪು. "ನನಗೆ ಹಾಗೆ ಕೇಳಿಸ್ತಿಲ್ಲ ಅಣ್ಣಾ. ಆದ್ರೆ ನಿಮಗೆ ಭಯ ಆಗಿರೋದು ಗೊತ್ತಾಗ್ತಿದೆ. ಬನ್ನಿ, ಆ ಕಡೆ ಕೂರೋಣ." ಇಷ್ಟು ಸಾಕು.

ಸುಮ್ಮನಿರಿಸಲು ಬೀಡಿ ಕೊಡುವುದು ಒಂದು ಹಳೆಯ ಚಾಳಿ. ಗುಣವಾಗುತ್ತಿರುವ ರೋಗಿಯ ಕೈಲಿ ಊಟದ ಬಕೆಟ್ ಹೊರಿಸುವುದು, ನೆಲ ಒರೆಸುವುದು ಇನ್ನೊಂದು. ಇದಕ್ಕೆ ಕಾನೂನೇ ಅಡ್ಡ ಬರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ರೋಗಿಯಿಂದ ಬಲವಂತವಾಗಿ ಕೆಲಸ ಮಾಡಿಸುವ ಹಾಗಿಲ್ಲ, ಮಾಡಿದ ಕೆಲಸಕ್ಕೆ ಕೂಲಿ ಕೊಡಬೇಕು ಅಂತ ಅದರಲ್ಲಿದೆ. ಬಲವಂತವಾಗಿ ತಲೆ ಬೋಳಿಸುವ ಹಾಗಿಲ್ಲ. ಸ್ವಂತ ಬಟ್ಟೆ ಹಾಕಿಕೊಳ್ಳುತ್ತೇನೆ ಅಂದರೆ ಬಿಡಬೇಕು. ಹೆಂಗಸರಿಗೆ ಮುಟ್ಟಿನ ದಿನಗಳಲ್ಲಿ ಬೇಕಾದ್ದು ಸಿಗಬೇಕು. ಇವೆಲ್ಲ ದಿನಾ ನಡೆಯುವುದು ಇಲ್ಲವೇ ತಪ್ಪಿಹೋಗುವುದು ಅಟೆಂಡರ್ ಕೈಯಲ್ಲಿ.

ಕಟ್ಟಿಹಾಕುವ ವಿಷಯವೂ ಹಾಗೇ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಒಂದು ಕಡೆ ಬೆಂಕಿ ಬಿದ್ದಾಗ 28 ಜನ ಸತ್ತರು. ಸರಪಳಿ ಹಾಕಿದ್ದರಿಂದ ಅವರಿಗೆ ತಪ್ಪಿಸಿಕೊಳ್ಳಲು ಆಗಲಿಲ್ಲ. ಈಗಿನ ಕಾಯ್ದೆಯಲ್ಲಿ ಸರಪಳಿಗೆ ಜಾಗವೇ ಇಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವುದಕ್ಕೂ ಇಲ್ಲ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಬರೆದಿಟ್ಟು, ಎಷ್ಟು ಅಗತ್ಯವೋ ಅಷ್ಟೇ ಹೊತ್ತು ಹಿಡಿದಿಡಬಹುದು. ಶಿಕ್ಷೆಗೆ ಅಂತ ಕಟ್ಟುವ ಹಾಗಿಲ್ಲ. ಸಿಬ್ಬಂದಿ ಕಡಿಮೆ ಇದ್ದಾರೆ ಅಂತಲೂ ಕಟ್ಟುವ ಹಾಗಿಲ್ಲ. ಬಟ್ಟೆ ಬಿಗಿಯುವ ಕೈ ಅಟೆಂಡರದ್ದು. ಹಾಗಾಗಿ "ಡಾಕ್ಟರು ಬರೆದಿದ್ದಾರಾ ಸಿಸ್ಟರ್?" ಅಂತ ಕೇಳುವ ಧೈರ್ಯವೂ ಅವರಿಗೇ ಬೇಕು. ಕೇಳಿದವರ ಮೇಲೆ ಸಿಡುಕುವ ನಮ್ಮಂಥ ಸಿಸ್ಟರುಗಳು ಇದ್ದಾರೆ. ಆದರೂ ಕೇಳಿ.

ಬೆಂಗಳೂರಿನ ನಿಮ್ಹಾನ್ಸ್ ಶುರುವಾಗಿದ್ದು 19ನೇ ಶತಮಾನದ ಒಂದು ಹುಚ್ಚಾಸ್ಪತ್ರೆಯಾಗಿ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಸಂಸ್ಥೆ ಮತ್ತು ಆಸ್ಪತ್ರೆ ಎರಡೂ ಸೇರಿ ಇವತ್ತಿನ ನಿಮ್ಹಾನ್ಸ್ ಆಯಿತು. ಗೋಡೆ ಕಟ್ಟಿ ಕಾಯುವ ಕಾಲದಿಂದ ಇಲ್ಲಿಯವರೆಗೆ ಡಾಕ್ಟರಿಗೆ, ನರ್ಸಿಗೆ, ಸಮಾಜ ಕಾರ್ಯಕರ್ತರಿಗೆ ಬೇರೆ ಬೇರೆ ಓದು ಬಂತು. ರಾಜ್ಯದ ಎಷ್ಟೋ ವಾರ್ಡುಗಳಲ್ಲಿ ಅಟೆಂಡರ್ ಕೆಲಸ ಮಾತ್ರ ಇನ್ನೂ ಕಾಯುವುದೇ ಆಗಿ ಉಳಿದಿದೆ. ಅದಕ್ಕೆ ಒಂದು ಕಾರಣ ಹೊರಗುತ್ತಿಗೆ. ಏಜೆನ್ಸಿಯವರು ಇವತ್ತು ಮೂಳೆ ವಾರ್ಡಿಗೆ, ನಾಳೆ ಇಲ್ಲಿಗೆ ಅಂತ ಕಳಿಸುತ್ತಾರೆ. ರೋಗಿಗಳ ಹೆಸರು ಬಾಯಿಗೆ ಬರುವ ಹೊತ್ತಿಗೆ ಆ ಹುಡುಗ ಇರುವುದಿಲ್ಲ. ಒಳ್ಳೆಯವರು ಐನೂರು ರೂಪಾಯಿ ಜಾಸ್ತಿ ಸಿಕ್ಕರೆ ಮಾಲ್‌ಗೆ ಹೋಗುತ್ತಾರೆ. ಅವರನ್ನು ಬೈಯುವುದರಲ್ಲಿ ಅರ್ಥ ಇಲ್ಲ.

ನಮ್ಮಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಉಳಿಯುವುದುಂಟು. ಹೊರದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಇದಿಲ್ಲ. ನಾಲ್ಕು ರಾತ್ರಿ ನಿದ್ದೆಗೆಟ್ಟ ತಾಯಿ ಮಗನ ಮಣಿಕಟ್ಟಿಗೆ ತನ್ನ ಸೆರಗಿನ ತುದಿ ಗಂಟು ಹಾಕಿಕೊಂಡು ಮಲಗುತ್ತಾಳೆ, ಎದ್ದು ಹೋದರೆ ಗೊತ್ತಾಗಲಿ ಅಂತ. "ನಾನು ನೋಡ್ಕೋತೀನಿ, ನೀವು ಮಲಗಿ ಅಮ್ಮಾ" ಅಂದು, ನಿಜವಾಗಿ ನೋಡಿಕೊಂಡರೆ, ಆಕೆ ಬೆಳಿಗ್ಗೆ ಡಾಕ್ಟರಿಗೂ ಹೇಳದ ವಿಷಯ ಅಟೆಂಡರ್‌ಗೆ ಹೇಳುತ್ತಾಳೆ. ಊರಲ್ಲಿ ಮಾತ್ರೆ ನಿಲ್ಲಿಸಿದ್ದು ಯಾರು, ಯಾಕೆ ಅನ್ನುವುದೆಲ್ಲ ಹೀಗೇ ಹೊರಗೆ ಬರುವುದು.

ಈ ಕೆಲಸಕ್ಕೆ ಸೇರಬೇಕು ಅಂತಿರುವವರು ಕೇಳುತ್ತಿದ್ದರೆ ಒಂದು ಮಾತು. ಏಟು ಬೀಳಬಹುದು, ಉಗುಳಬಹುದು, ತಾಯಿ ತಂದೆ ಹಿಡಿದು ಬೈಯಬಹುದು. ಒಂದೇ ಪ್ರಶ್ನೆಗೆ ಇಪ್ಪತ್ತು ಸಲ ಉತ್ತರ ಕೊಡಬೇಕಾಗುತ್ತದೆ. ಅದನ್ನು ಮನೆಗೆ ಹೊತ್ತುಕೊಂಡು ಹೋಗುವ ಸ್ವಭಾವ ಇದ್ದರೆ ಯೋಚಿಸಿ. ಸಂದರ್ಶನದಲ್ಲಿ ಸಂಬಳ ಕೇಳಿದ ಮೇಲೆ ಇವನ್ನೂ ಕೇಳಿ: ತರಬೇತಿ ಎಷ್ಟು ದಿನ? ರಾತ್ರಿ ಪಾಳಿಯಲ್ಲಿ ನನ್ನ ಜೊತೆ ಎಷ್ಟು ಜನ ಇರುತ್ತಾರೆ? ಏಟು ಬಿದ್ದರೆ ಚಿಕಿತ್ಸೆಯ ಖರ್ಚು ಯಾರದು? ಪಾಳಿ ಬದಲಾಗುವಾಗ ನನ್ನ ಮಾತನ್ನು ಯಾರು ಬರೆದುಕೊಳ್ಳುತ್ತಾರೆ? ಕೊನೆಯ ಪ್ರಶ್ನೆಗೆ ಅವರು ಮುಖ ಮುಖ ನೋಡಿಕೊಂಡರೆ ಬೇರೆ ಆಸ್ಪತ್ರೆ ಹುಡುಕಿ.

ಮನೆಯಲ್ಲಿ ಯಾರಿಗಾದರೂ ಈಗಲೇ ತೊಂದರೆ ಇದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ನಮಸ್ಕಾರ.