ರಸ್ತೆಯ ಎಡಬದಿಯ ಒಂದು ಮೀಟರ್

ಎಲ್ಲರಿಗೂ ನಮಸ್ಕಾರ.

ಮಂಗಳೂರಿಗೆ ಸೈಕಲ್ ಹೇಳಿಸಿದ್ದಲ್ಲ, ಇಲ್ಲಿ ಬರೀ ಏರುತಗ್ಗು ಎನ್ನುವ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ಮೊದಲು ಆ ಏರಿನ ಲೆಕ್ಕವನ್ನೇ ಹಾಕಿಬಿಡೋಣ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. 20 ಮೀಟರಿಗೆ 1 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 110 ವ್ಯಾಟ್ ಶಕ್ತಿ ಬೇಕು. ಅಭ್ಯಾಸವಿಲ್ಲದವರ ಕಾಲುಗಳೂ ಸ್ವಲ್ಪ ಹೊತ್ತು ಇಷ್ಟನ್ನು ಕೊಡುತ್ತವೆ. 10 ಮೀಟರಿಗೇ 1 ಮೀಟರ್ ಏರಿದರೆ 220 ವ್ಯಾಟ್ ಬೇಕಾಗುತ್ತದೆ. ಆಗ ಹೆಚ್ಚಿನವರು ಇಳಿದು ತಳ್ಳುತ್ತಾರೆ. ಸೈಕಲ್ಲಿನ ಚೈನ್ ಕೂರುವ ಚಕ್ರಗಳ ಹಲ್ಲುಗಳದ್ದೂ ಇದರಲ್ಲಿ ಪಾಲಿದೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇರುವ ಸಾದಾ ಸೈಕಲ್ ಒಂದು ಸುತ್ತು ಪೆಡಲ್ ತುಳಿದರೆ 5 ಮೀಟರ್ ಹೋಗುತ್ತದೆ. ಗೇರ್ ಸೈಕಲ್ಲಿನಲ್ಲಿ ಮುಂದೆ 24, ಹಿಂದೆ 28 ಹಲ್ಲಿಗೆ ಹಾಕಿದರೆ ಅದೇ ಸುತ್ತಿಗೆ 1.8 ಮೀಟರ್ ಮಾತ್ರ. ಅಷ್ಟರ ಮಟ್ಟಿಗೆ ಏರು ಹಗುರ.

ಇನ್ನು ದಾರಿಯ ಆಯ್ಕೆ. ಬಾವುಟಗುಡ್ಡೆ, ನಾಲ್ಯಪದವು, ಪದವಿನಂಗಡಿ ಎಂದರೆ ಏರು ಇದೆಯೆಂದು ಹೆಸರೇ ಹೇಳುತ್ತದೆ; ಪದವು ಎಂದರೆ ಎತ್ತರದ ಬಯಲು. ಕೊಡಿಯಾಲ್‌ಬೈಲ್ ಎಂದರೆ ತಗ್ಗು. ಪಶ್ಚಿಮಕ್ಕೆ ಕುದ್ರೋಳಿ, ಬಂದರು ಕಡೆ ನೆಲ ಹೆಚ್ಚುಕಡಿಮೆ ಸಮತಟ್ಟು. ನಕ್ಷೆಯಲ್ಲಿ ಹತ್ತಿರ ಕಾಣುವ ದಾರಿ ಬಿಟ್ಟು, ಗುಡ್ಡೆಯನ್ನು ಬಳಸಿ ಹೋಗುವ ಒಳರಸ್ತೆಗಳನ್ನು ಸೈಕಲ್ ದಾರಿಯೆಂದು ಗುರುತಿಸಬೇಕು. ಅರ್ಧ ಕಿಲೋಮೀಟರ್ ಸುತ್ತಾದರೂ ಸವಾರ ಇಳಿಯದೆ ಮನೆ ಸೇರುತ್ತಾನೆ.

ನಿಜವಾಗಿ ಬೀಳಿಸುವುದು ರಸ್ತೆಯ ಎಡಬದಿಯ ಒಂದು ಮೀಟರ್. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಸೈಕಲ್ ಪಥದ ಯೋಜನೆಗಳಲ್ಲಿ ಈ ಜಾಗವನ್ನೇ ಯಾರೂ ಬಗ್ಗಿ ನೋಡುವುದಿಲ್ಲ.

ನಮ್ಮ ಊರಲ್ಲಿ ಕಾಂಕ್ರೀಟ್ ರಸ್ತೆಗಳೇ ಬಹಳ. ಕಾಂಕ್ರೀಟಿನ ಪಕ್ಕಕ್ಕೆ ಕೆಂಪುಮಣ್ಣು ತುಂಬುತ್ತಾರೆ. ಎರಡು ದೊಡ್ಡ ಮಳೆಗೆ ಮಣ್ಣು ಕೊಚ್ಚಿಹೋಗಿ ಅಂಚಿನಲ್ಲಿ ಗೇಣುದ್ದದ ಮೆಟ್ಟಿಲು ಉಳಿಯುತ್ತದೆ. ಹಿಂದಿನ ಬಸ್ಸಿನ ಹಾರ್ನಿಗೆ ಬೆದರಿ ಸವಾರ ಕೆಳಗಿಳಿದನೆನ್ನಿ. ಮತ್ತೆ ಹತ್ತಲು ಹ್ಯಾಂಡಲನ್ನು ಸ್ವಲ್ಪವೇ ಬಲಕ್ಕೆ ತಿರುಗಿಸುತ್ತಾನೆ. ಮುಂದಿನ ಚಕ್ರ ಅಂಚನ್ನು ಹತ್ತದೆ ಅದಕ್ಕೆ ಉಜ್ಜಿಕೊಂಡು ಹೋಗುತ್ತದೆ, ಮೈ ಮಾತ್ರ ಬಲಕ್ಕೆ ವಾಲುತ್ತದೆ. ಬೀಳುವುದು ರಸ್ತೆಯ ಕಡೆಗೆ, ಬಸ್ಸಿನ ಚಕ್ರದ ಮುಂದಕ್ಕೆ. ಆದ್ದರಿಂದ ಮಕ್ಕಳಿಗೆ ಮೊದಲ ದಿನವೇ ಕಲಿಸಿ: ಅಂಚಿನಿಂದ ಇಳಿದರೆ ನಿಲ್ಲಿಸು, ಸೈಕಲ್ ಎತ್ತಿ ಮೇಲಿಡು, ಆಮೇಲೆ ಹತ್ತು. ರಸ್ತೆ ಮಾಡುವವರಿಗೆ ಹೇಳಬೇಕಾದದ್ದು: ಬರೀ ಮಣ್ಣು ಸುರಿದು ಹೋಗಬೇಡಿ. ಜಲ್ಲಿ ಮಿಶ್ರಣ ಹಾಕಿ, ನೀರು ಬಿಟ್ಟು, ರೋಲರ್ ಓಡಿಸಿ, ಕಾಂಕ್ರೀಟಿನ ಮಟ್ಟಕ್ಕೇ ತನ್ನಿ.

ಆ ಅಂಚಿನಾಚೆ ಚರಂಡಿ, ಅದರ ಮೇಲೆ ಸ್ಲ್ಯಾಬ್. ಸ್ಲ್ಯಾಬ್ ಎತ್ತಲೆಂದು ಬಿಟ್ಟ ಕಬ್ಬಿಣದ ಕೊಂಡಿ ಮೇಲಕ್ಕೆ ಚಾಚಿಕೊಂಡಿರುತ್ತದೆ; ಮಳೆನೀರು ನಿಂತರೆ ಕಾಣುವುದೇ ಇಲ್ಲ. ಕೊಂಡಿಯನ್ನು ಕುಳಿಯೊಳಗೆ ಮಡಚುವಂತೆ ಸ್ಲ್ಯಾಬ್ ಎರಕ ಹೊಯ್ಯುವುದಕ್ಕೆ ಹೆಚ್ಚು ಖರ್ಚೇನೂ ಬೀಳುವುದಿಲ್ಲ. ನೀರಿಳಿಯುವ ಜಾಲರಿಯ ಸರಳುಗಳು ಸೈಕಲ್ ಹೋಗುವ ದಿಕ್ಕಿಗೆ ಅಡ್ಡಲಾಗಿರಬೇಕು. ಉದ್ದಕ್ಕಿದ್ದರೆ 25 ಮಿ.ಮೀ. ಟೈರ್ ಸರಳುಗಳ ನಡುವೆ ಸಿಕ್ಕಿಕೊಂಡು ಸವಾರ ಮುಗ್ಗರಿಸುತ್ತಾನೆ. ಮಳೆಗಾಲದ ನಡುವೆ ನೆರಳಿರುವ ಕಾಂಕ್ರೀಟಿನ ಮೇಲೆ ಪಾಚಿ ಕಟ್ಟುತ್ತದೆ. ಅಲ್ಲಿ ತಿರುವಿನಲ್ಲಿ ಬ್ರೇಕ್ ಹಿಡಿಯಲೇಬಾರದು.

ಪ್ರತ್ಯೇಕ ಪಥ ಮಾಡುವುದಾದರೆ ಅಳತೆ ಹೀಗಿರಲಿ. ಓಡುತ್ತಿರುವ ಒಂದು ಸೈಕಲ್ಲಿಗೆ 1 ಮೀಟರ್ ಬೇಕು, ಒಂದನ್ನೊಂದು ದಾಟಲು 2 ಮೀಟರ್. ಬರೀ ಬಣ್ಣದ ಗೆರೆ ಎಳೆದರೆ ಬೆಳಿಗ್ಗೆ ಹತ್ತಕ್ಕೆಲ್ಲ ಅದು ಕಾರು ನಿಲ್ಲಿಸುವ ಜಾಗವಾಗುತ್ತದೆ. ತಡೆಗಂಬ ನೆಡುವಾಗ ನಡುವೆ 1.2 ಮೀಟರ್ ಬಿಡಿ. ಆಟೊದ ಅಗಲ ಸುಮಾರು 1.3 ಮೀಟರ್, ಅದು ನುಗ್ಗಲಾರದು. ಸ್ಕೂಟರನ್ನು ಕಂಬದಿಂದ ತಡೆಯಲಾಗದು, ಅದರ ಹ್ಯಾಂಡಲೂ ಸೈಕಲ್ಲಿನಷ್ಟೇ ಅಗಲ. ಅದನ್ನು ತಡೆಯಲು ಪೊಲೀಸರೇ ಬೇಕು. ಬಸ್ ನಿಲ್ದಾಣದಲ್ಲಿ ಜಾಗವಿದ್ದರೆ ಪಥವನ್ನು ತಂಗುದಾಣದ ಹಿಂದಿನಿಂದ ಒಯ್ಯಿರಿ. ಇಲ್ಲದಿದ್ದರೆ ಸವಾರ ಬಸ್ಸಿನ ಹಿಂದೆ ಕಾಯಬೇಕು. ಎಡಕ್ಕೆ ನುಸುಳಿದರೆ ಇಳಿಯುವ ಪ್ರಯಾಣಿಕರ ಮೈಮೇಲೆಯೇ ಹೋಗಿ ಬೀಳುತ್ತಾನೆ.

ಈಗ ಭಾನುವಾರದ ಸಾಮೂಹಿಕ ಸವಾರಿಗಳ ವಿಷಯ. ಒಂದು ಗುಂಪಿಗೆ 15 ಜನ ಸಾಕು. ಹೆಚ್ಚು ಬಂದರೆ ಎರಡು ಗುಂಪು ಮಾಡಿ, ನಡುವೆ ಮೂರು ನಾಲ್ಕು ನಿಮಿಷ ಬಿಡಿ. ಮುಂದೆ ದಾರಿ ಬಲ್ಲವರು, ಕೊನೆಯಲ್ಲಿ ರಿಪೇರಿ ಬಲ್ಲವರು ಇರಲಿ. ವೇಗ ಅತಿ ನಿಧಾನದವರ ವೇಗ. ತಣ್ಣೀರುಬಾವಿಯ ದಾರಿಯನ್ನೇ ನೋಡಿ. ಹೋಗುವಾಗ ಕೂಳೂರು ಸೇತುವೆ ದಾಟಿ ಎಡಕ್ಕೆ ತಿರುಗಿದರಾಯಿತು. ಬರುವಾಗ ರಾಷ್ಟ್ರೀಯ ಹೆದ್ದಾರಿ 66ನ್ನು ಅಡ್ಡ ದಾಟಬೇಕು, ಅದೂ ದಣಿದ ಮೇಲೆ, ವಾಹನ ಹೆಚ್ಚಾದ ಹೊತ್ತಿನಲ್ಲಿ. ಅಲ್ಲಿ ಎಲ್ಲರೂ ಇಳಿದು, ಒಟ್ಟಿಗೆ, ನಡೆದೇ ದಾಟಲಿ.

ವಿಶ್ವಸಂಸ್ಥೆ 2018ರಲ್ಲಿ ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ಘೋಷಿಸಿತು. ನಮ್ಮ ಕರಾವಳಿಗೆ ಅದು ಮುಂಗಾರು ಕಾಲಿಡುವ ಹೊತ್ತು. ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ಮೇಲೆದ್ದು ಅತಿ ಹೆಚ್ಚು ಜಾರುತ್ತದೆ. ಚಕ್ರದ ರಿಮ್ಮನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ಆದರೆ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಕಳೆಯುತ್ತದೆ, ಬಿಗಿ ಹಿಡಿಯುವುದು ಆಮೇಲೆ. ಹಾಗಾಗಿ ಮೊದಲೇ ಮೆಲ್ಲಗೆ ಹಿಡಿಯಿರಿ, ಸೈಕಲ್ಲುಗಳ ನಡುವಿನ ಅಂತರ ದುಪ್ಪಟ್ಟು ಮಾಡಿ. ಮನೆಗೆ ಹೋದಮೇಲೆ ಬ್ರೇಕ್ ಶೂಗೆ ಅಂಟಿದ ಮುರಕಲ್ಲಿನ ಹರಳುಗಳನ್ನು ಕಿತ್ತು ತೆಗೆಯಿರಿ. ಇಲ್ಲವಾದರೆ ಅವು ರಿಮ್ಮನ್ನು ಕೊರೆಯುತ್ತವೆ.

ಗುಂಪಿನ ಕೊನೆಯಲ್ಲಿ ಬರುವವರ ಚೀಲದಲ್ಲಿ ಪಂಪು, ಟೈರ್ ಬಿಡಿಸುವ ಎರಡು ಲಿವರ್, ಪ್ಯಾಚು, ಅಲೆನ್ ಕೀ, ಗುಂಪಿನಲ್ಲಿರುವ ಅಳತೆಗಳ ಟ್ಯೂಬು ಇರಬೇಕು. ಪಂಕ್ಚರ್ ಆದಾಗ ಹೊಸ ಟ್ಯೂಬ್ ತುರುಕುವ ಮುನ್ನ ಟೈರಿನ ಒಳಗೆ ಬಟ್ಟೆಯ ತುಂಡು ಆಡಿಸಿ. ಮುಳ್ಳೋ ತಂತಿಯೋ ಉಳಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಮುಳ್ಳು ಸಿಗದೆ, ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಕಂಡರೆ, ಗಾಳಿ ಕಡಿಮೆಯಿದ್ದ ಟೈರ್ ಯಾವುದೋ ಚೂಪು ಅಂಚಿಗೆ ಬಡಿದಿದೆ ಎಂದರ್ಥ. ಆ ಅಂಚು ಅಲ್ಲೇ ಹಿಂದೆ ಎಲ್ಲೋ ಇರುತ್ತದೆ. ದಯವಿಟ್ಟು ಹಿಂದೆ ಹೋಗಿ ನೋಡಿ.

ಸವಾರಿಗಳಿಂದ ಊರಿಗೆ ಆಗಬೇಕಾದ ಕೆಲಸವೂ ಇದೇ. ಒಬ್ಬರು ಅಳತೆ ಟೇಪ್ ಇಟ್ಟುಕೊಳ್ಳಿ. ಮೆಟ್ಟಿಲಿನ ಆಳ, ಉದ್ದ, ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ ಬರೆದುಕೊಳ್ಳಿ. ಟೇಪ್ ಕಾಣುವಂತೆ ಒಂದು ಫೋಟೊ ಸಾಕು. ‘ರಸ್ತೆ ಸರಿಯಿಲ್ಲ’ ಎಂಬ ದೂರಿಗೆ ಯಾರೂ ಅಂದಾಜುಪಟ್ಟಿ ಮಾಡಲಾರರು, ‘12 ಸೆಂ.ಮೀ. ಆಳ, 40 ಮೀಟರ್ ಉದ್ದ’ ಎಂದರೆ ಎಷ್ಟು ಜಲ್ಲಿ ಬೇಕೆಂದು ಎಂಜಿನಿಯರಿಗೆ ಕೂತಲ್ಲೇ ಗೊತ್ತಾಗುತ್ತದೆ. ಹೆದ್ದಾರಿಯದ್ದಾದರೆ ಹೆದ್ದಾರಿ ಪ್ರಾಧಿಕಾರಕ್ಕೆ, ಪಾಲಿಕೆ ರಸ್ತೆಯಾದರೆ ಪಾಲಿಕೆಗೆ ಬೇರೆ ಬೇರೆ ಅರ್ಜಿ ಕೊಡಿ. ಒಂದೇ ಅರ್ಜಿಯಲ್ಲಿ ಎರಡನ್ನೂ ಸೇರಿಸಿದರೆ ಇಬ್ಬರೂ ಬದಿಗಿಡುತ್ತಾರೆ. ಫೆಬ್ರವರಿಯೊಳಗೆ ಕೊಟ್ಟರೆ ಮಳೆಗೆ ಮುಂಚೆ ಕೆಲಸ ಆಗಲು ಸಮಯವಿರುತ್ತದೆ. ತುಂಬಿದ್ದು ನಿಂತಿದೆಯೋ ಕೊಚ್ಚಿಹೋಗಿದೆಯೋ ಎಂದು ಅಕ್ಟೋಬರಿನ ಮೊದಲ ಸವಾರಿಯಲ್ಲಿ ಅದೇ ಕಂಬಗಳ ಬಳಿ ಇಳಿದು ಅಳೆಯಿರಿ.